ನೂರರವರೆಗೆ ಹೇಳುವ ಮಗುವೂ ನಾಲ್ಕು ಲೋಟಗಳೂ

ನೆಂಟರು ಬಂದು ಕುಳಿತ ಸ್ವಲ್ಪ ಹೊತ್ತಿಗೆ ಮನೆಯ ಮಗುವನ್ನು ಕರೆದು ನಡುಮನೆಯಲ್ಲಿ ನಿಲ್ಲಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಮೊದಲು ಒಂದು ಶ್ಲೋಕ, ಆಮೇಲೆ ಒಂದು ಇಂಗ್ಲಿಷ್ ಪದ್ಯ, ಕೊನೆಗೆ 'ನೂರರ ತನಕ ಹೇಳು ಪುಟ್ಟಿ' ಎಂಬ ಅಪ್ಪಣೆ. ಮಗು ಉಸಿರು ಬಿಡದೆ ಹೇಳುತ್ತದೆ. ನಲವತ್ತೊಂಬತ್ತರ ಬಳಿ ತಡವರಿಸಿ ತಾಯಿಯ ಮುಖ ನೋಡುತ್ತದೆ, ತಾಯಿ ತುಟಿಯಲ್ಲೇ 'ಐವತ್ತು' ಎನ್ನುತ್ತಾಳೆ, ಪಠಣ ಮುಂದುವರಿಯುತ್ತದೆ. ನೂರು ಬಂದ ಕೂಡಲೇ ಚಪ್ಪಾಳೆ. ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ, ಮಗುವಿಗೂ ಅದು ಖುಷಿಯೇ. ಆದರೆ ಆ ಚಪ್ಪಾಳೆ ಯಾವುದಕ್ಕೆ, ಶ್ಲೋಕಕ್ಕೆ ಕೊಟ್ಟದ್ದಕ್ಕಿಂತ ಅದು ಬೇರೆಯೇ ಎಂಬ ಪ್ರಶ್ನೆ ಬಹಳ ಕಾಲದಿಂದ ನನ್ನನ್ನು ಕಾಡುತ್ತಿದೆ.

ಕಾಡುವಂತೆ ಮಾಡಿದವಳು ನನ್ನ ತಂಗಿಯ ಮಗಳು. ನಾಲ್ಕು ತುಂಬುವ ಮೊದಲೇ ನೂರರವರೆಗೆ ಹೇಳುತ್ತಿದ್ದ ಹುಡುಗಿ. ಬೇಸಿಗೆ ರಜೆಗೆಂದು ಅವರೆಲ್ಲ ಮೈಸೂರಿನ ನಮ್ಮ ಮನೆಗೆ ಬಂದಿದ್ದಾಗ, ಒಂದು ಸಂಜೆ ಕಾಫಿ ಬೆರೆಸುತ್ತಿದ್ದ ನಾನು, ಅಲ್ಲೇ ಸುಳಿಯುತ್ತಿದ್ದ ಅವಳಿಗೆ 'ನಾಲ್ಕು ಲೋಟ ತಾ ಕಂದ' ಎಂದೆ. ಅವಳು ಕೆಳಗಿನ ಗೂಡಿನಿಂದ ಎರಡು ತೋಳಿಗೂ ಹಿಡಿಯುವಷ್ಟು ಲೋಟಗಳನ್ನು ಅಪ್ಪಿಕೊಂಡು ಬಂದಳು. ಎಷ್ಟಿವೆ ನೋಡು ಎಂದಾಗ ನೆಲದ ಮೇಲೆ ಸಾಲಾಗಿಟ್ಟು, ಒಂದೊಂದನ್ನೂ ಬೆರಳಿನಿಂದ ಮುಟ್ಟಿ, ಒಂದರಿಂದ ಏಳರವರೆಗೆ ಒಂದೂ ತಪ್ಪದಂತೆ, ಒಂದೂ ಎರಡು ಸಲ ಬಾರದಂತೆ ಎಣಿಸಿದಳು. 'ಸರಿ, ಹಾಗಾದರೆ ಲೋಟ ಎಷ್ಟಿವೆ?' ಎಂದೆ. ಅವಳು ಮತ್ತೆ ಮೊದಲ ಲೋಟಕ್ಕೆ ಬೆರಳಿಟ್ಟು ಎಣಿಸತೊಡಗಿದಳು. ಎಣಿಸಿ ಮುಗಿಸಿದ ಮೇಲೆ ನಾನು ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದ್ದಕ್ಕೆ, 'ಎಷ್ಟು ಸಲ ಹೇಳಬೇಕು ದೊಡ್ಡಮ್ಮ?' ಎಂದು ಬೇಸರದಿಂದ ಎದ್ದು ಹೋದಳು.

ಅವಳ ಬೇಸರ ನ್ಯಾಯವಾದದ್ದೇ. 'ಎಷ್ಟು' ಎಂಬ ಪ್ರಶ್ನೆಗೆ ಅವಳ ಮಟ್ಟಿಗೆ ಉತ್ತರವೆಂದರೆ ಎಣಿಸುವ ಕ್ರಿಯೆಯೇ. ಯಾರಾದರೂ 'ಎಷ್ಟು' ಎಂದರೆ ಬೆರಳಿಟ್ಟು ಒಂದು, ಎರಡು, ಮೂರು ಎನ್ನಬೇಕು, ಎಂದಾಯಿತು, ಇನ್ನೇನು? ಕೊನೆಯಲ್ಲಿ ಬಾಯಿಗೆ ಬಂದ 'ಏಳು' ಎಂಬುದು ಕಟ್ಟಕಡೆಯ ಲೋಟದ ಹೆಸರಲ್ಲ, ಅಲ್ಲಿರುವ ಎಲ್ಲ ಲೋಟಗಳಿಗೂ ಒಟ್ಟಾಗಿ ಸಲ್ಲುವ ಸಂಗತಿ ಎಂಬುದು ಅವಳಿಗಿನ್ನೂ ಹೊಳೆದಿರಲಿಲ್ಲ. ದೊಡ್ಡವರಾದ ನಮಗೆ ಇದು ಹೊಳೆಯಬೇಕಾದ ಸಂಗತಿ ಎಂದೇ ಅನ್ನಿಸುವುದಿಲ್ಲ. ನಾವು ಅದನ್ನು ಎಂದು ಕಲಿತೆವೆಂಬ ನೆನಪು ಯಾರಿಗೂ ಇಲ್ಲ.

ಕೊನೆಯ ಅಂಕಿಯ ಗುಟ್ಟು

ಮಕ್ಕಳ ಎಣಿಕೆಯನ್ನು ಅಭ್ಯಾಸ ಮಾಡಿದವರು ಇದನ್ನು ಸಾಕಷ್ಟು ವಿವರವಾಗಿ ಬಿಡಿಸಿ ತೋರಿಸಿದ್ದಾರೆ. 1978ರಲ್ಲಿ ರೋಚೆಲ್ ಗೆಲ್ಮನ್ ಮತ್ತು ರ‍್ಯಾಂಡಿ ಗ್ಯಾಲಿಸ್ಟೆಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು, ಸರಿಯಾಗಿ ಎಣಿಸುವುದೆಂದರೆ ಏನೇನು ಗೊತ್ತಿರಬೇಕು ಎಂಬುದನ್ನು ಐದು ತತ್ವಗಳಾಗಿ ವಿಂಗಡಿಸಿದರು. ಸಂಖ್ಯೆಯ ಹೆಸರುಗಳು ಯಾವಾಗಲೂ ಒಂದೇ ಕ್ರಮದಲ್ಲಿ ಬರಬೇಕು. ಒಂದು ವಸ್ತುವಿಗೆ ಒಂದೇ ಹೆಸರು ಸಲ್ಲಬೇಕು. ಕೊನೆಯಲ್ಲಿ ಹೇಳಿದ ಹೆಸರು ಇಡೀ ಗುಂಪಿನ ಮೊತ್ತವನ್ನು ಹೇಳುತ್ತದೆ. ಲೋಟವಾಗಲಿ ಚಪ್ಪಾಳೆಯಾಗಲಿ ಏನನ್ನು ಬೇಕಾದರೂ ಎಣಿಸಬಹುದು. ಎಡದಿಂದ ಎಣಿಸಿದರೂ ಬಲದಿಂದ ಎಣಿಸಿದರೂ ಮೊತ್ತ ಬದಲಾಗುವುದಿಲ್ಲ. ಕೇಳಿದರೆ ಇವೆಲ್ಲ ಇಷ್ಟೇನೇ ಎನ್ನಿಸುತ್ತದೆ. ನಾಲ್ಕು ವರ್ಷದ ಮಗುವಿನ ಮುಂದೆ ಕುಳಿತು ನೋಡಿದರೆ, ಮೊದಲಿನೆರಡಕ್ಕೂ ಮೂರನೆಯದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದು ಕಾಣುತ್ತದೆ.

ಆ ದೂರವನ್ನು ಅಳೆಯುವ ಸರಳ ವಿಧಾನವೊಂದನ್ನು 1990ರ ದಶಕದ ಆರಂಭದಲ್ಲಿ ಕ್ಯಾರೆನ್ ವಿನ್ ಬಳಸಿದರು. ಮಗುವಿನ ಮುಂದೆ ಒಂದಷ್ಟು ಆಟಿಕೆಗಳನ್ನಿಟ್ಟು 'ಮೂರು ಕೊಡು' ಎನ್ನುವುದು, ಅಷ್ಟೇ. ಎಣಿಸಿ ತೋರಿಸು ಎನ್ನುವಂತಿಲ್ಲ, ಕೊಡು ಎನ್ನಬೇಕು. ಹತ್ತರವರೆಗೆ ಸಲೀಸಾಗಿ ಹೇಳಬಲ್ಲ ಮಗು 'ಒಂದು ಕೊಡು' ಎಂದರೆ ಒಂದನ್ನು ಕೊಟ್ಟು, 'ಎರಡು ಕೊಡು' ಎಂದರೆ ಒಂದು ಹಿಡಿಯನ್ನು ಕೊಡುವುದುಂಟು. ಕೆಲವು ತಿಂಗಳಾದ ಮೇಲೆ ಎರಡು ತಿಳಿಯುತ್ತದೆ, ಮೂರು ತಿಳಿದಿರುವುದಿಲ್ಲ. ಮತ್ತೆ ಕೆಲವು ತಿಂಗಳು ಕಳೆದರೆ ಮೂರು ತಿಳಿಯುತ್ತದೆ. ಅಲ್ಲಿಂದ ಸ್ವಲ್ಪ ಮುಂದೆ, ಒಮ್ಮೆಲೇ ಎನ್ನುವ ಹಾಗೆ, ಐದು ಕೇಳಿದರೆ ಐದು, ಎಂಟು ಕೇಳಿದರೆ ಎಂಟು ಕೈಗೆ ಬರುತ್ತವೆ. ಕೊನೆಯ ಅಂಕಿಯ ಗುಟ್ಟು ತಿಳಿದ ಗಳಿಗೆ ಅದು. ಬಹುತೇಕ ಮಕ್ಕಳಲ್ಲಿ ಈ ಪಯಣ ಎರಡೂವರೆ ವರ್ಷದ ಸುಮಾರಿಗೆ ಶುರುವಾಗಿ ನಾಲ್ಕು, ನಾಲ್ಕೂವರೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಇಪ್ಪತ್ತರಿಂದ ನೂರಕ್ಕೆ ಪಠಣವನ್ನು ಬೆಳೆಸುವುದರಿಂದ ಈ ನಡಿಗೆಯ ವೇಗವೇನೂ ಹೆಚ್ಚುವುದಿಲ್ಲ ಎಂಬುದು ನಾನು ಗಮನಿಸಿದ ಮಟ್ಟಿಗೆ ಸತ್ಯ. ಮನೆಯಲ್ಲಿ ಚಿಕ್ಕ ಮಕ್ಕಳಿಗೆ ಗಣಿತ ಕಲಿಸುವುದೆಂದರೆ ಹೆಚ್ಚಿನಂಶ ಈ ನಡುವಿನ ದಾರಿಯಲ್ಲಿ ಜೊತೆಗಿರುವುದು ಎಂದು ನಾನು ಭಾವಿಸಿದ್ದೇನೆ. ಅದಕ್ಕೆ ಬೇಕಾದ ಸಾಮಗ್ರಿ ಶಾಲೆಗಿಂತ ಮನೆಯಲ್ಲೇ ಹೆಚ್ಚಾಗಿದೆ. ಏಕೆಂದರೆ ಮನೆಯಲ್ಲಿ ಎಣಿಕೆಗೆ ಒಂದು ಉಪಯೋಗವಿರುತ್ತದೆ. ಲೋಟ ಕಡಿಮೆಯಾದರೆ ಯಾರಿಗೋ ಕಾಫಿ ಸಿಗುವುದಿಲ್ಲ.

ಕಣ್ಣ ಮುಂದಿರುವ ವಸ್ತು

ಷಿಕಾಗೊ ವಿಶ್ವವಿದ್ಯಾಲಯದ ಸೂಸನ್ ಲಿವೈನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಬಹಳ ಮುಖ್ಯವಾದುದು. ಅವರು 44 ಕುಟುಂಬಗಳ ಮನೆಗಳಿಗೆ ಹೋಗಿ, ಮಗುವಿಗೆ 14 ತಿಂಗಳಾದಾಗಿನಿಂದ 30 ತಿಂಗಳಾಗುವವರೆಗೆ ಆಗಾಗ ತಾಯಿ-ಮಗುವಿನ ದಿನನಿತ್ಯದ ಮಾತನ್ನು ಹಾಗೆಯೇ ಚಿತ್ರೀಕರಿಸಿಕೊಂಡರು. ಪ್ರತಿ ಮನೆಯದೂ ಒಟ್ಟು ಏಳೂವರೆ ಗಂಟೆಯಷ್ಟು ಮಾತು. ಅಷ್ಟರಲ್ಲಿ ಒಂದು ಮನೆಯಲ್ಲಿ ಸಂಖ್ಯೆಯ ಪದಗಳು ಬಂದದ್ದು ನಾಲ್ಕು ಸಲ. ಇನ್ನೊಂದು ಮನೆಯಲ್ಲಿ 257 ಸಲ. ಸಂಖ್ಯೆಯ ಮಾತು ಹೆಚ್ಚಾಗಿ ಕೇಳಿಸಿಕೊಂಡ ಮಕ್ಕಳು ನಾಲ್ಕು ವರ್ಷ ತುಂಬುವ ಹೊತ್ತಿಗೆ ಸಂಖ್ಯೆಯ ಅರ್ಥವನ್ನು ಚೆನ್ನಾಗಿ ಗ್ರಹಿಸಿದ್ದರು. ಮರುವರ್ಷ ಎಲಿಜಬೆತ್ ಗಂಡರ್ಸನ್ ಜೊತೆಗೂಡಿ ಅದೇ ಮಾತುಗಳನ್ನು ಇನ್ನಷ್ಟು ಸೂಕ್ಷ್ಮವಾಗಿ ಬಿಡಿಸಿ ನೋಡಿದಾಗ ಕಂಡದ್ದು ನನಗೆ ಇನ್ನೂ ಹೆಚ್ಚು ಉಪಯುಕ್ತವೆನಿಸಿತು: ಸುಮ್ಮನೆ ಗಾಳಿಯಲ್ಲಿ ಹೇಳಿದ ಅಂಕಿಗಳಿಗಿಂತ, ಮಗುವಿನ ಕಣ್ಣೆದುರಿಗಿರುವ ವಸ್ತುಗಳನ್ನು ಎಣಿಸಿ ಅಥವಾ ಅವುಗಳ ಮೊತ್ತ ಹೇಳಿ ಆಡಿದ ಮಾತು ಹೆಚ್ಚು ಫಲ ಕೊಟ್ಟಿತ್ತು, ಅದರಲ್ಲಿಯೂ ನಾಲ್ಕರಿಂದ ಹತ್ತರವರೆಗಿನ ಗುಂಪುಗಳ ಬಗೆಗಿನ ಮಾತು.

ಇದನ್ನು ಓದಿದ ಮೇಲೆ ನಮ್ಮ ಮನೆಗಳಲ್ಲಿ ಮಕ್ಕಳೊಂದಿಗೆ ಆಡುವ ಮಾತನ್ನು ಕಿವಿಗೊಟ್ಟು ಕೇಳತೊಡಗಿದೆ. ಸಂಖ್ಯೆ ಬರುವ ಜಾಗಗಳು ಎಷ್ಟೋ ಇದ್ದರೂ ನಾವು ಅವುಗಳನ್ನು 'ಅದು', 'ಇದು', 'ಸ್ವಲ್ಪ', 'ಎಲ್ಲ' ಎಂದು ದಾಟಿಸಿಬಿಡುತ್ತೇವೆ. 'ಇಡ್ಲಿ ತಿನ್ನು' ಎನ್ನುವ ಬದಲು 'ತಟ್ಟೆಯಲ್ಲಿ ಮೂರು ಇಡ್ಲಿ ಇದೆ, ಮೂರನ್ನೂ ತಿನ್ನುತ್ತೀಯಾ, ಎರಡು ಸಾಕಾ?' ಎನ್ನಬಹುದು. 'ಬಟ್ಟೆಗೆ ಕ್ಲಿಪ್ಪು ಕೊಡು' ಎನ್ನುವ ಬದಲು 'ಈ ಲಂಗಕ್ಕೆ ಎರಡು ಕ್ಲಿಪ್ಪು ಬೇಕು' ಎನ್ನಬಹುದು. ಇದರಲ್ಲಿ ಪಾಠವಿಲ್ಲ, ಪರೀಕ್ಷೆಯೂ ಇಲ್ಲ. ಮೊದಲು ಮೊತ್ತವನ್ನು ಹೇಳಿ ಆಮೇಲೆ ಎಣಿಸುವುದು, ಅಥವಾ ಎಣಿಸಿದ ಮೇಲೆ ಕೈಯನ್ನು ಇಡೀ ಗುಂಪಿನ ಮೇಲೆ ಆಡಿಸಿ 'ಒಟ್ಟು ಐದು' ಎನ್ನುವುದು, ಇವೆರಡರಿಂದ ನನ್ನ ತಂಗಿಯ ಮಗಳಿಗೆ ಬಂದಷ್ಟು ಸ್ಪಷ್ಟತೆ ಬೇರೆ ಯಾವುದರಿಂದಲೂ ಬಂದದ್ದನ್ನು ನಾನು ಕಾಣೆ.

ಮೆಟ್ಟಿಲು ಎಣಿಸುವುದರ ಬಗ್ಗೆ ಇಲ್ಲಿ ಒಂದು ಮಾತು. ಮಕ್ಕಳಿಗೆ ಎಣಿಕೆ ಎಂದ ಕೂಡಲೇ ಎಲ್ಲರೂ ಮೆಟ್ಟಿಲನ್ನೇ ಸೂಚಿಸುತ್ತಾರೆ. ಕ್ರಮ ಗಟ್ಟಿಯಾಗಲು ಅದು ಒಳ್ಳೆಯದೇ. ಆದರೆ ಹತ್ತುವ ಮಗುವಿನ ಕಣ್ಣಿಗೆ ಹತ್ತಿದ ಮೆಟ್ಟಿಲುಗಳು ಕಾಣುವುದಿಲ್ಲ, ಬೆನ್ನ ಹಿಂದೆ ಉಳಿಯುತ್ತವೆ. 'ಹನ್ನೆರಡು' ಎಂದಾಗ ಅದು ನಿಂತ ಮೆಟ್ಟಿಲಿನ ಹೆಸರೇ ಆಗಿಬಿಡುತ್ತದೆ. ಮೊತ್ತದ ಅರಿವಿಗೆ ಒಂದೇ ನೋಟಕ್ಕೆ ಸಿಕ್ಕುವ ವಸ್ತುಗಳು ಬೇಕು: ಸುಲಿದ ಕಿತ್ತಲೆಯ ತೊಳೆ, ಕೈಬಳೆ, ಬಿಡಿಸಿದ ಅವರೆಕಾಯಿಯೊಳಗಿನ ಕಾಳು. ಅವರೆಯ ಕಾಲದಲ್ಲಂತೂ ಮೊರದ ಮುಂದೆ ಕುಳಿತ ಮಗುವಿಗೆ ಪ್ರತಿ ಕಾಯಿಯೂ ಒಂದು ಕುತೂಹಲ. ಇದರಲ್ಲಿ ಮೂರು, ಇದರಲ್ಲಿ ನಾಲ್ಕು, ಇದು ಜೊಳ್ಳು, ಒಂದೂ ಇಲ್ಲ. ಸೊನ್ನೆಯನ್ನು ಇದಕ್ಕಿಂತ ಸಹಜವಾಗಿ ಪರಿಚಯಿಸುವ ಬಗೆ ನನಗೆ ತಿಳಿಯದು. ಮೂರು ನಾಲ್ಕು ಕಾಳುಗಳನ್ನು ಎಣಿಸದೆಯೇ, ಕಂಡ ಕೂಡಲೇ ಇಷ್ಟೆಂದು ಹೇಳುವ ಶಕ್ತಿ ಮನುಷ್ಯರಿಗೆ ಹುಟ್ಟಿನಿಂದಲೇ ಸ್ವಲ್ಪಮಟ್ಟಿಗೆ ಇರುತ್ತದೆ. ಆ ಶಕ್ತಿಗೆ ಸಂಖ್ಯೆಯ ಹೆಸರನ್ನು ಜೋಡಿಸುವ ಕೆಲಸ ಇಂಥ ಕಡೆ ತಾನಾಗಿ ನಡೆಯುತ್ತದೆ. ಸ್ವಲ್ಪ ದೊಡ್ಡ ಮಕ್ಕಳಿಗೆ ರಂಗೋಲಿಯ ಚುಕ್ಕಿಗಳಿವೆ. ಏಳು ಚುಕ್ಕಿಯಿಂದ ನಾಲ್ಕರವರೆಗೆ, ಮಧ್ಯೆ ಮಧ್ಯೆ ಇಡುತ್ತಾ ಹೋಗು ಎಂದರೆ ನಡುವಿನ ಸಾಲಿನಲ್ಲಿ ಏಳು, ಅದರ ಮೇಲೂ ಕೆಳಗೂ ಆರಾರು, ಐದೈದು, ನಾಲ್ಕು ನಾಲ್ಕು. 'ಒಂದು ಕಡಿಮೆ' ಎಂಬುದು ಅಲ್ಲಿ ಬಾಯಿಮಾತಲ್ಲ; ತಪ್ಪಿದರೆ ಎಳೆ ಕೂಡಿಕೊಳ್ಳುವುದಿಲ್ಲ.

ಇನ್ನು ಬಡಿಸುವುದು. ಊಟಕ್ಕೆ ತಟ್ಟೆ ಹಾಕುವ ಕೆಲಸವನ್ನು ಮಗುವಿಗೆ ಒಪ್ಪಿಸಿದರೆ ಒಬ್ಬರಿಗೆ ಒಂದು ಎಂಬ ಹೊಂದಿಕೆ ಕೈಯಿಂದಲೇ ತಿಳಿಯುತ್ತದೆ. ಮೊದಮೊದಲು ಮಗು ಒಂದು ತಟ್ಟೆ ತಂದಿಟ್ಟು, ಮತ್ತೆ ಅಡುಗೆಮನೆಗೆ ಹೋಗಿ ಇನ್ನೊಂದನ್ನು ತರುತ್ತದೆ. ಎಣಿಕೆಯ ಅಗತ್ಯವೇ ಅದಕ್ಕೆ ಕಾಣುವುದಿಲ್ಲ. ಓಡಾಡಿ ಬೇಸತ್ತ ಒಂದು ದಿನ, ನಡುಮನೆಯಲ್ಲಿ ನಿಂತು ಜನರನ್ನು ಎಣಿಸಿಕೊಂಡು ಹೋಗಿ ಅಷ್ಟೇ ತಟ್ಟೆಗಳನ್ನು ಒಟ್ಟಿಗೆ ಹೊತ್ತು ತರುತ್ತದೆ. ಆ ಬುದ್ಧಿಯನ್ನು ನಾವು ಮೊದಲೇ ಹೇಳಿಕೊಟ್ಟರೆ ಕೆಲಸ ಬೇಗ ಮುಗಿಯುತ್ತದೆ, ಕಲಿಕೆಯೂ ಅಲ್ಲಿಗೇ ಮುಗಿಯುತ್ತದೆ. ಹಂಚಿಕೆಯ ವಿಷಯಕ್ಕೆ ಬಂದರೆ ಕಲಿಸುವ ಅಗತ್ಯವೇ ಇಲ್ಲ. ಕೊಬ್ಬರಿ ಮಿಠಾಯಿಯ ತಟ್ಟೆಯನ್ನು ಮೂವರು ಮಕ್ಕಳ ನಡುವೆ ಇಟ್ಟು ನೀವೇ ಹಂಚಿಕೊಳ್ಳಿ ಎಂದರೆ, ನಿನಗೊಂದು ನನಗೊಂದು ಅವನಿಗೊಂದು ಎಂದು ಸುತ್ತು ಸುತ್ತು ಹಾಕಿ, ಕೊನೆಗೆ ಎರಡು ಉಳಿದಾಗ ಏಳುವ ಜಗಳವಿದೆಯಲ್ಲ, ಭಾಗಾಕಾರದ ಶೇಷವನ್ನು ಅಷ್ಟು ತೀವ್ರವಾಗಿ ಯಾವ ಪಠ್ಯಪುಸ್ತಕವೂ ಕಲಿಸಲಾರದು.

ಕವಡೆ ಬಿದ್ದಾಗ

ಆಟದ ವಿಷಯದಲ್ಲಿ ನನ್ನ ಪಕ್ಷಪಾತವನ್ನು ಮುಚ್ಚಿಡಲಾರೆ. ಚೌಕಾಬಾರ ನನ್ನ ಅಜ್ಜಿಯಿಂದ ಬಂದದ್ದು. ಐದಕ್ಕೆ ಐದು ಮನೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ, ನಾಲ್ಕು ಕವಡೆ. ಕವಡೆ ಇಲ್ಲದಿದ್ದರೆ ಹುಣಸೆಬೀಜವನ್ನು ಒಂದು ಮಗ್ಗುಲು ಬೆಳ್ಳಗಾಗುವವರೆಗೆ ಕಲ್ಲಿಗೆ ಉಜ್ಜಿಕೊಂಡರಾಯಿತು. ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುತ್ತವೆಯೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಮಗುಚಿ ಬಿದ್ದರೆ ಬಾರ, ಎಂದರೆ ಎಂಟು. ಮಗುವಿನ ದೃಷ್ಟಿಯಿಂದ ನೋಡಿದರೆ ಇದರೊಳಗೆ ಮೂರು ಬೇರೆ ಬೇರೆ ಕೆಲಸಗಳಿವೆ. ಕವಡೆಯನ್ನು ನೋಡಿದೊಡನೆ ಎಷ್ಟೆಂದು ತಿಳಿಯಬೇಕು. ಅಷ್ಟೇ ಮನೆಗಳನ್ನು ಒಂದೊಂದಾಗಿ ನಡೆಸಬೇಕು. ಮುಂದಿನ ಕಾಯಿಯನ್ನು ಕಡಿಯಲು ಇನ್ನೆಷ್ಟು ಬೇಕೆಂದು ಮೊದಲೇ ನೋಡಿಕೊಳ್ಳಬೇಕು. ಮೂರನೆಯದು ವ್ಯವಕಲನ. ಮಗುವಿಗೆ ಹಾಗೆಂದು ಹೇಳುವ ಅಗತ್ಯವಿಲ್ಲ.

ನಡೆಸುವಾಗ ಎಲ್ಲ ಮಕ್ಕಳೂ ಒಂದು ಕಡೆ ಎಡವುತ್ತಾರೆ. ಕಾಯಿ ಈಗಾಗಲೇ ಇರುವ ಮನೆಯನ್ನೇ 'ಒಂದು' ಎಂದು ಎಣಿಸಿಬಿಡುತ್ತಾರೆ. ಮನೆಯ ಹಿರಿಯರು ಕೂಡಲೇ 'ಅಲ್ಲಲ್ಲ' ಎಂದು ಕೈಹಿಡಿದು ನಡೆಸುತ್ತಾರೆ. ನಮ್ಮಜ್ಜಿ ಹಾಗೆ ಮಾಡುತ್ತಿರಲಿಲ್ಲ. ತನ್ನ ಸರದಿ ಬಂದಾಗ ಕಾಯಿಯನ್ನು ಎತ್ತಿ, ಮುಂದಿನ ಮನೆಗೆ ಟಪ್ಪೆಂದು ಇಟ್ಟು, ಆ ಸದ್ದಿನ ಜೊತೆಗೇ 'ಒಂದು' ಎನ್ನುತ್ತಿದ್ದಳು. ಹೆಜ್ಜೆಯನ್ನು ಎಣಿಸಬೇಕೇ ಹೊರತು ಮನೆಯನ್ನಲ್ಲ ಎಂಬುದು ನಮಗೆಲ್ಲ ಆ ಸದ್ದಿನಿಂದ ತಿಳಿಯಿತು.

ಇಂಥ ಆಟಗಳಿಂದ ನಿಜಕ್ಕೂ ಲಾಭವಿದೆಯೇ ಎಂಬುದನ್ನು ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಬಡ ಕುಟುಂಬಗಳ ಶಾಲಾಪೂರ್ವ ಮಕ್ಕಳಿಗೆ, ಒಂದರಿಂದ ಹತ್ತರವರೆಗೆ ಅಂಕಿ ಬರೆದ ನೇರ ಸಾಲಿನ ಹಲಗೆಯ ಮೇಲೆ, ಎರಡು ವಾರಗಳಲ್ಲಿ ನಾಲ್ಕು ಸಲ, ಸಲಕ್ಕೆ ಸುಮಾರು ಹದಿನೈದು ನಿಮಿಷ ಆಟ ಆಡಿಸಿದ್ದು ಅಷ್ಟೇ. ಯಾವ ಸಂಖ್ಯೆ ದೊಡ್ಡದು, ಸಾಲಿನಲ್ಲಿ ಅದು ಎಲ್ಲಿ ಕೂರುತ್ತದೆ ಎಂಬ ತಿಳಿವಳಿಕೆ ಗಮನಾರ್ಹವಾಗಿ ಸುಧಾರಿಸಿ, ವಾರಗಳ ನಂತರವೂ ಉಳಿದಿತ್ತು. ಅಂಕಿಯ ಬದಲು ಬಣ್ಣಗಳಿದ್ದ ಹಲಗೆಯಲ್ಲಿ ಆಡಿದ ಮಕ್ಕಳಲ್ಲಿ ಈ ಬದಲಾವಣೆ ಕಾಣಲಿಲ್ಲ. ಮುಂದಿನ ಪ್ರಯೋಗಗಳಲ್ಲಿ ಎರಡು ಸೂಕ್ಷ್ಮಗಳು ಹೊರಬಿದ್ದವು. ಮನೆಗಳು ವೃತ್ತಾಕಾರದಲ್ಲಿದ್ದರೆ ಅಷ್ಟು ಪ್ರಯೋಜನವಿಲ್ಲ, ನೇರ ಸಾಲಿನಲ್ಲಿರಬೇಕು. ಮೂರರ ಮನೆಯಲ್ಲಿರುವ ಮಗು ಎರಡು ಮನೆ ಮುಂದೆ ಹೋಗುವಾಗ 'ಒಂದು, ಎರಡು' ಎನ್ನದೆ 'ನಾಲ್ಕು, ಐದು' ಎನ್ನಬೇಕು.

ಈ ಮಾನದಂಡದಲ್ಲಿ ನನ್ನ ಪ್ರೀತಿಯ ಚೌಕಾಬಾರ ಸ್ವಲ್ಪ ಹಿಂದೆ ಬೀಳುತ್ತದೆ: ಅದರ ಮನೆಗಳಿಗೆ ಅಂಕಿಗಳಿಲ್ಲ, ದಾರಿಯೂ ಸುರುಳಿ ಸುತ್ತುತ್ತದೆ. ಅಂಗಡಿಯಲ್ಲಿ ಸಿಗುವ ಹಾವು-ಏಣಿಯ ಹಲಗೆಯಲ್ಲಿ ಅಂಕಿಗಳಿವೆ, ಆದರೆ ಹತ್ತರ ಮೇಲೆ ಹನ್ನೊಂದು ಕುಳಿತು ಅಲ್ಲಿಂದ ಸಾಲು ತಿರುಗಿ ಬರುತ್ತದೆ. ನಾಲ್ಕು ವರ್ಷದ ಮಗುವಿಗೆ ಆ ತಿರುವೇ ದೊಡ್ಡ ಗೊಂದಲ. ಹೀಗಾಗಿ ಚಿಕ್ಕವರಿಗೆಂದು ನಮ್ಮ ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಹತ್ತು ಮನೆಯ ಒಂದು ಸಾಲು ಬರೆದುಕೊಳ್ಳುತ್ತೇವೆ. ಎರಡು ಹುಣಸೆಬೀಜ ಹಾಕಿದರೆ ಒಂದೋ ಎರಡೋ ಬೀಳುತ್ತದೆ, ಏನೂ ಬೀಳದಿದ್ದರೆ ಇದ್ದಲ್ಲೇ ಇರಬೇಕು. ದೊಡ್ಡವರಾದ ಮೇಲೆ ಚೌಕಾಬಾರ ಇದ್ದೇ ಇದೆ.

ಇನ್ನೊಂದು ಆಟವನ್ನು ಹೇಳದೆ ಮುಂದೆ ಹೋಗಲಾರೆ. ಐದು ಕಲ್ಲಿನ ಆಟದಲ್ಲಿ ಒಂದು ಕಲ್ಲನ್ನು ಮೇಲೆ ಚಿಮ್ಮಿ, ಅದು ಕೆಳಗೆ ಬರುವಷ್ಟರಲ್ಲಿ ನೆಲದ ನಾಲ್ಕು ಕಲ್ಲುಗಳನ್ನು ಮೊದಲ ಸುತ್ತಿನಲ್ಲಿ ಒಂದೊಂದಾಗಿ, ಎರಡನೆಯ ಸುತ್ತಿನಲ್ಲಿ ಎರಡೆರಡಾಗಿ, ಮೂರನೆಯದರಲ್ಲಿ ಮೂರು ಮತ್ತು ಒಂದಾಗಿ, ಕೊನೆಗೆ ನಾಲ್ಕನ್ನೂ ಒಟ್ಟಿಗೆ ಬಾಚಿಕೊಳ್ಳಬೇಕು. ನಾಲ್ಕನ್ನು ಒಡೆಯಬಹುದಾದ ಬಗೆಗಳು ಇವೇ ತಾನೆ? ಎರಡು, ಒಂದು, ಒಂದು ಎಂಬುದೊಂದು ಮಾತ್ರ ಬಿಟ್ಟುಹೋಗಿದೆ. ನಾನು ಇದನ್ನು ಹೇಳಿದಾಗ ಗಣಿತದ ಅಧ್ಯಾಪಕರಾದ ಗೆಳೆಯರೊಬ್ಬರು, ಬಿಟ್ಟುಹೋದದ್ದನ್ನು ಮಕ್ಕಳಿಂದಲೇ ಹುಡುಕಿಸಿ ಹೊಸ ಸುತ್ತು ಮಾಡಬಹುದಲ್ಲ ಎಂದರು. ಅಧ್ಯಾಪಕರ ಕೈಗೆ ಸಿಕ್ಕರೆ ಆಟ ಆಟವಾಗಿ ಉಳಿಯುವುದು ಕಷ್ಟ.

ಯಾರ ಮೊಳ?

ಎಣಿಕೆಯಷ್ಟೇ ಗಣಿತವಲ್ಲ, ಅಳತೆಯೂ ಹೌದು. ಅಳತೆಯ ವಿಷಯದಲ್ಲಿ ಹೂವಿನ ಮೊಳದಷ್ಟು ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ನನ್ನ ತಂಗಿಯ ಮಗಳಿಗೆ ಐದು ವರ್ಷ ದಾಟಿದ ಮೇಲಿನ ಮಾತು. ಹಬ್ಬದ ಹಿಂದಿನ ದಿನ ದೇವರಾಜ ಮಾರುಕಟ್ಟೆಯಲ್ಲಿ ಎರಡು ಮೊಳ ಮಲ್ಲಿಗೆ ಕೊಂಡೆವು. ಹೂವಿನಾಕೆ ಮೊಣಕೈಯಿಂದ ಬೆರಳ ತುದಿಯವರೆಗೆ ಹೂವನ್ನು ಎರಡು ಸಲ ಎಳೆದು ಅಳೆದು ಕತ್ತರಿಸುವುದನ್ನು ಅವಳು ರೆಪ್ಪೆ ಮಿಟುಕಿಸದೆ ನೋಡಿದಳು. ಮನೆಗೆ ಬಂದವಳೇ ಪೊಟ್ಟಣ ಬಿಚ್ಚಿ, ತನ್ನ ಮೊಣಕೈಗೆ ಹೂವಿನ ತುದಿ ಒತ್ತಿಟ್ಟುಕೊಂಡು ಅಳೆದಳು. ಮೂರು ಮೊಳ ಬಂತು. ಸಂಭ್ರಮವೋ ಸಂಭ್ರಮ. 'ದೊಡ್ಡಮ್ಮ, ಹೂವಿನಮ್ಮ ಒಂದು ಮೊಳ ಜಾಸ್ತಿ ಕೊಟ್ಟುಬಿಟ್ಟಿದ್ದಾರೆ!'

ಅಲ್ಲಿಯೇ ವಿವರಿಸಿಬಿಡುವ ಆಸೆ ಯಾರಿಗಾದರೂ ಆಗುತ್ತದೆ. ನಾನು 'ಹೌದಾ? ತಾತನೂ ಒಂದು ಸಲ ನೋಡಲಿ' ಎಂದು ಹೂವನ್ನು ನಮ್ಮ ತಂದೆಯ ಕಡೆಗೆ ಕಳುಹಿಸಿದೆ. ಅವರು ಆರಡಿಯ ಆಳು. ಅವರ ಕೈಗೆ ಎರಡು ಮೊಳ ತುಂಬಲಿಲ್ಲ, ಸ್ವಲ್ಪ ಕಡಿಮೆಯೇ ಬಂತು. ಅವಳಿಗೆ ದಿಗಿಲು. ತಾತ ಎಲ್ಲೋ ಒಂದು ಮೊಳ ಅಡಗಿಸಿದ್ದಾರೆಂದು ಅವರ ಬೆನ್ನ ಹಿಂದೆಯೂ ಹೋಗಿ ನೋಡಿದಳು. ಆಮೇಲೆ ಮತ್ತೆ ತನ್ನ ಕೈಯಲ್ಲಿ ಅಳೆದಳು, ಮೂರು. ತಾತನ ಕೈಯಲ್ಲಿ ಮತ್ತೊಮ್ಮೆ, ಎರಡಕ್ಕೆ ಕಡಿಮೆ. ತಾತನ ಕೈಯ ಪಕ್ಕದಲ್ಲಿ ತನ್ನ ಕೈಯನ್ನು ಇಟ್ಟು ಬಹಳ ಹೊತ್ತು ನೋಡಿದ ಮೇಲೆ, 'ತಾತನ ಮೊಳ ಉದ್ದ, ಅದಕ್ಕೇ ಕಮ್ಮಿ ಆಗುತ್ತೆ' ಎಂದಳು. ಅಳತೆಯ ಮಾನ ದೊಡ್ಡದಾದಷ್ಟೂ ಅಳತೆಯ ಸಂಖ್ಯೆ ಚಿಕ್ಕದಾಗುತ್ತದೆ ಎಂಬ ಈ ವಿಲೋಮ ಸಂಬಂಧ ದೊಡ್ಡ ತರಗತಿಯ ಮಕ್ಕಳನ್ನೂ ಗಲಿಬಿಲಿಗೊಳಿಸುವಂಥದ್ದು. ಅದರ ಮುಂದಿನ ಹಂತದ ಪ್ರಶ್ನೆಯನ್ನೂ ಅವಳೇ ಕೇಳಿದಳು: ಹಾಗಾದರೆ ಮಾರುಕಟ್ಟೆಗೆ ತಾತನನ್ನೇ ಕರೆದುಕೊಂಡು ಹೋಗಿ ಅವರ ಕೈಯಲ್ಲೇ ಅಳೆಸಬಾರದೇಕೆ? ಎಲ್ಲರಿಗೂ ಒಂದೇ ಆಗಿರುವ ಅಳತೆಗೋಲು ಏಕೆ ಬೇಕು ಎಂಬುದನ್ನು ಹೂವಿನಾಕೆಯ ಕಡೆಯಿಂದ ಯೋಚಿಸಿ ಹೇಳು ಎಂದು ಅವಳ ತಾತ ಮಾತನ್ನು ಅಲ್ಲಿಗೆ ಬಿಟ್ಟರು.

ನಾವು ಉತ್ತರ ಹೇಳದೆ ಸುಮ್ಮನಿರುವುದಕ್ಕೂ ಒಂದು ರೀತಿಯಿದೆ. ಎರಡು ಸಾಲು ನಾಣ್ಯಗಳನ್ನು ಸಮವಾಗಿ ಜೋಡಿಸಿ, ಒಂದು ಸಾಲನ್ನು ಮಗುವಿನ ಕಣ್ಣೆದುರಿಗೇ ಅಗಲಿಸಿ, 'ಈಗ ಯಾವುದರಲ್ಲಿ ಹೆಚ್ಚಿದೆ?' ಎಂದರೆ ಐದಾರು ವರ್ಷದೊಳಗಿನ ಮಕ್ಕಳು ಉದ್ದನೆಯ ಸಾಲನ್ನು ತೋರಿಸುತ್ತಾರೆ ಎಂಬುದು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ತೋರಿಸಿಕೊಟ್ಟ ಪ್ರಸಿದ್ಧ ಸಂಗತಿ. ಇದನ್ನು ಓದಿದ ತಾಯಂದಿರು ಮನೆಯಲ್ಲಿ ಪ್ರಯೋಗ ಮಾಡಿ ಗಾಬರಿಯಾಗುವುದುಂಟು. ಆದರೆ 1970ರ ದಶಕದ ಮಧ್ಯದಲ್ಲಿ ಎಡಿನ್‌ಬರೊದ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಒಂದು ತುಂಟ ಕರಡಿ ಬೊಂಬೆಯನ್ನು ತಂದರು. ಬೊಂಬೆ ನುಗ್ಗಿ ಬಂದು ಸಾಲನ್ನು ಕೆಡಿಸಿದಂತೆ ನಟಿಸಿ, ಆಮೇಲೆ ಅದೇ ಪ್ರಶ್ನೆ ಕೇಳಿದಾಗ ಹೆಚ್ಚಿನ ಮಕ್ಕಳು 'ಎರಡೂ ಒಂದೇ' ಎಂದರು. ಇದನ್ನು ಹೀಗೆ ಅರ್ಥೈಸಬಹುದು: ದೊಡ್ಡವರೊಬ್ಬರು ಬೇಕೆಂದೇ ಏನನ್ನೋ ಬದಲಾಯಿಸಿ, ಆಗಲೇ ಕೇಳಿದ ಪ್ರಶ್ನೆಯನ್ನು ಮತ್ತೆ ಕೇಳಿದರೆ, ಉತ್ತರವೂ ಬದಲಾಗಬೇಕೇನೋ ಎಂದು ಮಗು ಊಹಿಸುತ್ತದೆ. ನಮ್ಮ ಮನೆಗಳಲ್ಲಿ ಮಗು 'ಆರು' ಎಂದ ಮೇಲೆ 'ಸರಿಯಾಗಿ ನೋಡಿ ಹೇಳು' ಎನ್ನುವುದು ಎಷ್ಟು ಸಾಮಾನ್ಯ! ಉತ್ತರ ಸರಿಯಿದ್ದಾಗಲೂ ಖಚಿತಪಡಿಸಿಕೊಳ್ಳಲೆಂದು ಹಾಗೆನ್ನುತ್ತೇವೆ. ಮಗು ಆಗ ವಸ್ತುಗಳನ್ನು ಬಿಟ್ಟು ನಮ್ಮ ಮುಖವನ್ನು ಓದತೊಡಗುತ್ತದೆ, ಮುಖ ಓದುವುದರಲ್ಲಿ ಬಹಳ ಬೇಗ ಪಳಗುತ್ತದೆ. ಮರುಪ್ರಶ್ನೆ ಕೇಳಲೇಬೇಕೆಂದಿದ್ದರೆ 'ಹೇಗೆ ಗೊತ್ತಾಯಿತು?' ಎನ್ನಬಹುದು, ಸರಿಯುತ್ತರಕ್ಕೂ ತಪ್ಪುತ್ತರಕ್ಕೂ ಒಂದೇ ಧ್ವನಿಯಲ್ಲಿ ಕೇಳಬೇಕು, ಇಲ್ಲದಿದ್ದರೆ ಅದೂ ಮುಖವಾಗುತ್ತದೆ.

ಅಡುಗೆಮನೆಯ ಪಾವನ್ನು ಕೈಬಿಡಬೇಡಿ ಎಂದು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ನಾಲ್ಕು ಪಾವು ಸೇರಿದರೆ ಒಂದು ಸೇರು, ಎರಡು ಸೇರಿದರೆ ಅಚ್ಚೇರು. ಕಾಲು, ಅರ್ಧ, ಮುಕ್ಕಾಲು ಎಂಬ ಮಾತುಗಳು ನಮ್ಮ ಮನೆಗಳಲ್ಲಿ ದಿನವೂ ಓಡಾಡುತ್ತಿರುವಾಗ ಭಿನ್ನರಾಶಿಗೆ ಮಕ್ಕಳು ನಾಲ್ಕನೆಯ ತರಗತಿಯಲ್ಲಿ ಮೊದಲ ಸಲ ಹೆದರಬೇಕಾದ ಕಾರಣವಿಲ್ಲ. ದುಡ್ಡಿನ ಸಂಗತಿ ಮಾತ್ರ ಈಗ ಬದಲಾಗಿದೆ. ಅಂಗಡಿಗೆ ಹತ್ತು ರೂಪಾಯಿ ಕೊಟ್ಟು ಕಳುಹಿಸಿ ಚಿಲ್ಲರೆ ತರಿಸುವ ಕಾಲ ಹೋಗಿ, ಮೊಬೈಲು ಹಿಡಿದರೆ ಯಂತ್ರ ಮಾತನಾಡುತ್ತದೆ. ಕೊಟ್ಟದ್ದೂ ಕಾಣದು, ಉಳಿದದ್ದೂ ಕಾಣದು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಹೋದ್ಯೋಗಿಗಳು 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳು ಕಷ್ಟದ ವ್ಯಾಪಾರದ ಲೆಕ್ಕಗಳನ್ನು ಬಾಯಲ್ಲೇ ಮಾಡುತ್ತಿದ್ದರು, ಶಾಲೆಯ ರೀತಿಯಲ್ಲಿ ಬರೆದುಕೊಟ್ಟರೆ ತಡವರಿಸುತ್ತಿದ್ದರು. ಶಾಲೆಯ ಮಕ್ಕಳಿಗೆ ಅದರ ತಿರುವುಮುರುವು. ಮಕ್ಕಳು ದುಡಿಯಬೇಕೆಂದು ಯಾರೂ ಇದರಿಂದ ತೀರ್ಮಾನಿಸುವುದಿಲ್ಲ. ಎರಡು ಗಣಿತಗಳ ನಡುವೆ ಸೇತುವೆ ತಾನಾಗಿ ಹುಟ್ಟುವುದಿಲ್ಲ ಎಂಬುದಂತೂ ಸ್ಪಷ್ಟ. ಮನೆಯಲ್ಲಿ ಆಡಿದ ಲೆಕ್ಕವನ್ನು ಆಗಾಗ ಒಂದು ಚೀಟಿಯ ಮೇಲೆ ಬರೆದು ತೋರಿಸುವುದು ನಮ್ಮ ಪಾಲಿನ ಕೆಲಸ.

ಮಗ್ಗಿ, ಭಯ, ಅವಸರ

ಇಷ್ಟೆಲ್ಲ ಹೇಳಿದ ಮೇಲೆ, ನಾನು ಬಾಯಿಪಾಠದ ವಿರೋಧಿ ಎಂದು ಓದುಗರು ತಿಳಿಯಬಾರದು. ಸಂಜೆ ದೀಪ ಹಚ್ಚಿದ ಮೇಲೆ ಮಗ್ಗಿ ಹೇಳಿದ ತಲೆಮಾರು ನಮ್ಮದು. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು ಎಂಬ ಆ ಲಯ ಇಂದಿಗೂ ನನಗೆ ಕ್ಯಾಲ್ಕುಲೇಟರಿಗಿಂತ ಮೊದಲು ಬರುತ್ತದೆ. ನನ್ನ ತಕರಾರು ಕ್ರಮದ ಬಗ್ಗೆ. ಬಾಗಿಲಲ್ಲಿರುವ ಚಪ್ಪಲಿಗಳನ್ನು ಜೊತೆ ಜೊತೆಯಾಗಿ ಎಣಿಸಿ, ಐದು ಜನ ಬಂದಿದ್ದರೆ ಹತ್ತು ಚಪ್ಪಲಿ ಎಂದು ಕಂಡುಕೊಂಡ ಮಗುವಿಗೆ ಎರಡರ ಮಗ್ಗಿ ಒಂದು ಅನುಕೂಲ. ಕಾಣದ ಮಗುವಿಗೆ ಅದು ಇನ್ನೊಂದು ಶ್ಲೋಕ. ಸಂಖ್ಯೆಯ ಹೆಸರುಗಳ ಪಠಣವೂ ಹಾಗೆಯೇ ವ್ಯರ್ಥವಲ್ಲ. ಮಕ್ಕಳು 'ಇಪ್ಪತ್ತೊಂಬತ್ತು, ಇಪ್ಪತ್ತಹತ್ತು' ಎನ್ನುವಾಗ ನಗುವ ಬದಲು ಗಮನಿಸಬೇಕು: ಇದನ್ನು ಯಾರೂ ಅವರಿಗೆ ಹೇಳಿಕೊಟ್ಟಿಲ್ಲ, ಹತ್ತರ ಕಟ್ಟು ಮತ್ತು ಬಿಡಿ ಎಂಬ ರಚನೆಯನ್ನು ಅವರೇ ಕಂಡುಹಿಡಿದು ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಇಂಗ್ಲಿಷ್ ಮಾಧ್ಯಮದ ಮಕ್ಕಳು ತರ್ಟೀನ್ ಮತ್ತು ತರ್ಟಿಯ ನಡುವೆ ಎಡವುವಾಗ ಹದಿಮೂರು, ಮೂವತ್ತು ಎಂಬ ಹೆಸರುಗಳನ್ನೂ ಮನೆಯಲ್ಲಿ ಜೊತೆಗೆ ಕೊಡುವುದರಿಂದ ನಷ್ಟವಿಲ್ಲ, ಲಾಭವೇ ಹೆಚ್ಚು.

ಭಯದ ಮಾತು ಬೇರೆ. ಎರಿನ್ ಮಲೋನಿ, ಶಾನ್ ಬೈಲಾಕ್ ಮತ್ತು ಇತರರು 2015ರಲ್ಲಿ ಕಂಡುಕೊಂಡ ಪ್ರಕಾರ, ಗಣಿತವೆಂದರೆ ಹೆದರುವ ತಂದೆತಾಯಿಗಳು ಒಂದು, ಎರಡನೆಯ ತರಗತಿಯ ಮಕ್ಕಳಿಗೆ ಹೋಮ್‌ವರ್ಕಿನಲ್ಲಿ ಪದೇ ಪದೇ ನೆರವಾದಾಗ, ಆ ಮಕ್ಕಳು ವರ್ಷದ ಕೊನೆಗೆ ಕಡಿಮೆ ಗಣಿತ ಕಲಿತಿದ್ದರು, ಅವರ ಹೆದರಿಕೆಯೂ ಹೆಚ್ಚಿತ್ತು. ಹೆದರುವ ಪೋಷಕರು ಆಗಾಗ ನೆರವಿಗೆ ಕೂರದಿದ್ದ ಮನೆಗಳಲ್ಲಿ ಈ ಪರಿಣಾಮ ಕಾಣಲಿಲ್ಲ. ನಮ್ಮಲ್ಲಿ 'ನನಗೂ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ, ಇವಳೂ ನನ್ನ ಹಾಗೇ' ಎಂಬ ಮಾತನ್ನು ಮಗುವಿನ ಎದುರಿಗೇ, ಒಂದು ರೀತಿಯ ವಿನಯದಿಂದ, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ, ಆಡುತ್ತೇವೆ. ಹೋಮ್‌ವರ್ಕಿನ ಎದುರು ಉಸಿರು ಬಿಗಿಹಿಡಿದು ಕೂರುವ ತಾಯಿಯೇ ಸಾರಿಗೆ ಉಪ್ಪು, ಚೀಟಿಯ ಕಂತು, ಇಪ್ಪತ್ತು ಜನರ ಊಟಕ್ಕೆ ಅಕ್ಕಿ ಎಲ್ಲವನ್ನೂ ಅಂದಾಜು ತಪ್ಪದೆ ಲೆಕ್ಕ ಹಾಕುತ್ತಾಳೆ. ಅವಳು ಹೋಮ್‌ವರ್ಕನ್ನು ಬೇರೆಯವರಿಗೆ ಬಿಟ್ಟು, ಅಕ್ಕಿಯ ಲೆಕ್ಕವನ್ನು ಮಗುವಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಹಾಕಿದರೆ ಸಾಕು.

ಅವಸರಕ್ಕಂತೂ ಆಧಾರವೇ ಇಲ್ಲ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಆರಂಭಿಸಿದ ನಿಪುಣ್ ಭಾರತ್ ಯೋಜನೆ ಮೂಲ ಅಕ್ಷರಜ್ಞಾನ ಮತ್ತು ಸಂಖ್ಯಾಜ್ಞಾನಕ್ಕೆ ಇಟ್ಟುಕೊಂಡಿರುವ ಗಡಿ ಮೂರನೆಯ ತರಗತಿಯ ಕೊನೆ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊಳೆತು ರಾಜ್ಯವನ್ನೆಲ್ಲ ವ್ಯಾಪಿಸಿದ ನಲಿ-ಕಲಿಯೂ ಮೊದಲ ತರಗತಿಗಳ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲೇರಲಿ ಎಂಬ ನಂಬಿಕೆಯ ಮೇಲೆಯೇ ನಿಂತದ್ದು. ಹೀಗಿರುವಾಗ ನಾಲ್ಕು ವರ್ಷದ ಮಗುವನ್ನು ಅಬ್ಯಾಕಸ್ ತರಗತಿಗೆ ಸೇರಿಸುವವರ ಲೆಕ್ಕಾಚಾರ ನನಗೆ ಅರ್ಥವಾಗಿಲ್ಲ. ಮಣಿ ಸರಿಸುವ ವೇಗ ಬರುತ್ತದೆ, ಬರಲಿ. ಮನೆಯಲ್ಲಿ ಮಣಿಯ ಸರ ಪೋಣಿಸಲು ಮಗುವನ್ನು ಕೂರಿಸಿಕೊಂಡರೆ ಖರ್ಚಿಲ್ಲದೆ ಅದಕ್ಕಿಂತ ಹೆಚ್ಚು ಬರುತ್ತದೆ ಎಂದು ನನ್ನ ತಂಗಿಯೊಂದಿಗೆ ವಾದಿಸಿದ್ದೇನೆ. ಅವಳು ಒಪ್ಪಿದ್ದಾಳೆಂದು ಹೇಳಲಾರೆ, ಸದ್ಯಕ್ಕೆ ಸೇರಿಸಿಲ್ಲ.

ಅವಳ ಈಗಿನ ತಕರಾರು ಬೇರೆ. ಮಗಳು ಚೌಕಾಬಾರದಲ್ಲಿ ಎದುರಾಳಿಯ ಕಾಯಿ ಎಷ್ಟು ಮನೆ ಮುಂದಿದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಂಡು, ಕವಡೆಗಳನ್ನು ಅಂಗೈಯಲ್ಲೇ ಬೇಕಾದ ಹಾಗೆ ಹೊಂದಿಸಿ ನೆಲಕ್ಕೆ ಜಾರಿಸುತ್ತಾಳಂತೆ. ತಾತ ಅದನ್ನು ನೋಡಿಯೂ ನೋಡದಂತೆ ಇರುತ್ತಾರೆ ಎಂಬುದು ಅವಳ ಎರಡನೆಯ ದೂರು. ಇನ್ನು ಮೇಲೆ ಕವಡೆಯನ್ನು ಲೋಟದಲ್ಲಿ ಕುಲುಕಿಯೇ ಹಾಕಬೇಕೆಂಬ ನಿಯಮ ಬಂದಿದೆ.